ರಕ್ತದ ಮರುಮೌಲ್ಯಮಾಪನ

ಹೋದ ತಿಂಗಳು ನಾನು ನನ್ನ ರಕ್ತವನ್ನು ಮರುಮೌಲ್ಯಮಾಪನಕ್ಕೆ ಹಾಕಿದೆ. ಹೀಗೆಂದರೆ ನೀವು ನಗುತ್ತೀರಿ ಎಂದು ಗೊತ್ತು, ನಗಿ. ಆದರೆ ಜೀವಮಾನದ ಅರ್ಧ ಭಾಗ ಮಕ್ಕಳಿಗೆ ಗಣಿತ ಹೇಳಿಕೊಟ್ಟು, ಬೇಸಿಗೆ ಬಂತೆಂದರೆ ಹತ್ತನೇ ತರಗತಿಯ ಉತ್ತರಪತ್ರಿಕೆ ತಿದ್ದುವ ಕ್ಯಾಂಪಿನಲ್ಲಿ ಬೆವರುತ್ತ ಕೂತ ಹೆಂಗಸೊಬ್ಬಳ ಕೈಗೆ ಒಂದು ಹಾಳೆ ಕೊಡುತ್ತೀರಿ ಎಂದಿಟ್ಟುಕೊಳ್ಳಿ. ಅದರ ಮೇಲೆ ಹೆಸರು, ವಯಸ್ಸು, ಕೆಳಗೆ ಪಡೆದ ಅಂಕ, ಪಕ್ಕದಲ್ಲಿ ಪಡೆಯಬೇಕಾಗಿದ್ದ ಅಂಕ, ಕೊನೆಯಲ್ಲಿ ಯಾರದೋ ಗೀಚು ಸಹಿ. ಅವಳು ಅದನ್ನು ಮಾರ್ಕ್ಸ್ ಕಾರ್ಡ್ ಎಂದು ಓದದೆ ಮತ್ತೇನೆಂದು ಓದಿಯಾಳು? ಅಂಕ ಸರಿಯಿಲ್ಲ ಅನ್ನಿಸಿದರೆ ಇನ್ನೊಬ್ಬರ ಕೈಯಲ್ಲಿ ತಿದ್ದಿಸದೆ ಸುಮ್ಮನೆ ಕೂತಾಳೇ?

ಶುರುವಾದದ್ದು ಸುಸ್ತಿನಿಂದ. ಮಧ್ಯಾಹ್ನದ ಊಟವಾದ ಮೇಲಿನ ಪೀರಿಯಡ್ಡಿನಲ್ಲಿ ಕುರ್ಚಿಯಲ್ಲಿ ಕೂತರೆ ಏಳಲು ಮನಸ್ಸಾಗುತ್ತಿರಲಿಲ್ಲ. ತಲೆ ಬಾಚಿದರೆ ಕೂದಲೆಲ್ಲ ಬಾಚಣಿಗೆಯ ಪಾಲಾಗುತ್ತಿತ್ತು. ಆರ್‌ಪಿಸಿ ಲೇಔಟ್‌ನ ನಮ್ಮ ಬೀದಿಯ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, "ಥೈರಾಯ್ಡಿನ ಟಿಎಸ್‌ಎಚ್ ಒಂಚೂರು ಗೆರೆ ದಾಟಿದೆ, ನೋಡೋಣ, ಇನ್ನೊಂದು ಟೆಸ್ಟ್ ಮಾಡ್ಸಿ" ಎಂದು ಥೈರಾಯ್ಡ್ ಆ್ಯಂಟಿಬಾಡಿ ಪರೀಕ್ಷೆ ಬರೆದುಕೊಟ್ಟರು. ಬಸವೇಶ್ವರನಗರದ ಸ್ಪೆಷಲಿಸ್ಟ್ ಒಬ್ಬರನ್ನು ನೋಡಲೂ ಹೇಳಿದರು. ಸ್ಪೆಷಲಿಸ್ಟ್ ಸಿಗುವುದಕ್ಕೆ ಎರಡು ವಾರ ಕಾಯಬೇಕಿತ್ತು. ರಿಪೋರ್ಟು ಮಾತ್ರ ಮರುದಿನವೇ ಬಂತು. ಈ ಪ್ರಬಂಧದ ಎಲ್ಲ ಅನಾಹುತವೂ ನಡೆದದ್ದು ಆ ಎರಡರ ನಡುವಿನ ಖಾಲಿ ಜಾಗದಲ್ಲಿ.

ರಿಪೋರ್ಟು ಬಂದಾಗ ನಾನು ವಿಜಯನಗರದ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಊಟದ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದೆ. ಫೋನು ಟಿಂಗ್ ಎಂದಿತು. ತೆರೆದು ನೋಡಿದರೆ ಆ್ಯಂಟಿ-ಟಿಪಿಒ ಎಂಬ ಆ ಆ್ಯಂಟಿಬಾಡಿಯ ಹೆಸರಿನ ಮುಂದೆ ದಪ್ಪಕ್ಷರದಲ್ಲಿ 318. ಅದರ ಪಕ್ಕದಲ್ಲಿ, ಇರಬೇಕಾದದ್ದು 34ರ ಒಳಗೆ. ನೋಡಿ, ಇಷ್ಟು ವರ್ಷ ಮೂವತ್ತೈದು ಬಂದರೆ ಪಾಸು, ಮೂವತ್ನಾಲ್ಕಾದರೆ ಫೇಲು ಎಂದು ಮಕ್ಕಳ ತಲೆ ತಿಂದವಳು ನಾನು. ಇಲ್ಲಿ ಮೂವತ್ನಾಲ್ಕು ದಾಟಿದರೆ ಫೇಲು! ಮುನ್ನೂರ ಹದಿನೆಂಟು ತೆಗೆದವಳನ್ನು ಯಾವ ತರಗತಿಯಲ್ಲಿ ಕೂರಿಸುತ್ತಾರೋ ಎಂದುಕೊಂಡೆ. ಡಬ್ಬಿಯೊಳಗಿನ ಚಿತ್ರಾನ್ನ ಹಾಗೇ ಉಳಿಯಿತು.

ನನ್ನ ಭಯ ಯಾವುದರ ಬಗ್ಗೆ ಎಂದು ಈಗಲೇ ಹೇಳಿಬಿಡುತ್ತೇನೆ. ಸಾಯುವ ಭಯವಲ್ಲ. ದಪ್ಪಗಾಗುವ ಭಯವೂ ಅಲ್ಲ, ಅದು ಯಾವುದೇ ಗ್ರಂಥಿಯ ಸಹಾಯವಿಲ್ಲದೆಯೇ ಆಗಿದೆ. ನನ್ನ ಭಯ ಧ್ವನಿಯದು. ನನಗಿರುವ ಒಂದೇ ಒಂದು ಆಸ್ತಿ ಈ ಗಂಟಲು. ನನ್ನ ಗಂಟಲು ಎಂಥದ್ದೆಂದರೆ, ನಾನು ಎರಡನೇ ಮಹಡಿಯಲ್ಲಿ ಪೈಥಾಗೊರಸ್ ಪ್ರಮೇಯ ಹೇಳಿದರೆ ಕೆಳಗೆ ಗೇಟಿನ ಬಳಿ ಕಡಲೆಕಾಯಿ ಮಾರುವವನಿಗೂ ಅದು ಬಾಯಿಪಾಠವಾಗಿರುತ್ತದೆ ಎಂದು ಸಹೋದ್ಯೋಗಿಗಳು ತಮಾಷೆ ಮಾಡುತ್ತಾರೆ. ಬೇರೆ ಟೀಚರುಗಳು ಮಕ್ಕಳನ್ನು ಸುಮ್ಮನಾಗಿಸಲು ಡಸ್ಟರಿನಿಂದ ಮೇಜು ಕುಟ್ಟುತ್ತಾರೆ. ನಾನು ಎರಡು ಚಪ್ಪಾಳೆ ತಟ್ಟಿ, ಆಮೇಲೆ ಬಾಯಿ ತೆರೆಯುತ್ತೇನೆ. ಬಾಯಿ ತೆರೆದ ಮೇಲೆ ಯಾವ ಮಗುವಿಗೂ ಮಾತಾಡುವ ಧೈರ್ಯವಿರುವುದಿಲ್ಲ.

ಆ ಗಂಟಲ ಒಳಗೆ ಏನಾಗಬಹುದು ಎಂಬುದನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ ಎಂದರೂ ಸರಿಯೇ. ನನ್ನ ಅಮ್ಮನಿಗೆ ಧ್ವನಿಯಿಲ್ಲ. ಅಂದರೆ ಮೂಕಿಯಲ್ಲ, ಪಿಸುಮಾತಿನಲ್ಲಿ ಎಲ್ಲವನ್ನೂ ಹೇಳುತ್ತಾಳೆ, ಬೈಯುವುದನ್ನೂ ಪಿಸುಮಾತಿನಲ್ಲೇ ಬೈಯುತ್ತಾಳೆ. ನಾನು ತುಂಬ ಚಿಕ್ಕವಳಿದ್ದಾಗ ಅವಳ ಕುತ್ತಿಗೆಯಲ್ಲಿ ಗಡ್ಡೆಯೆದ್ದು ಆಪರೇಷನ್ ಆಯಿತಂತೆ. ಗಡ್ಡೆಯ ಜೊತೆ ದನಿಯೂ ಹೋಯಿತಂತೆ. ಈ 'ಅಂತೆ'ಗಳಾಚೆಗೆ ನನಗೆ ಹೆಚ್ಚು ಗೊತ್ತಿರಲಿಲ್ಲ. ಗೊತ್ತಿದ್ದದ್ದು ಇಷ್ಟು: ಅವಳ ಕತ್ತಿನಲ್ಲಿ ಹಾರ ಹಾಕಿದಂಥ ಒಂದು ತೆಳು ಗೆರೆಯಿದೆ, ಆ ಗೆರೆಯ ಹಿಂದಿನ ಗ್ರಂಥಿಯ ಹೆಸರು ಥೈರಾಯ್ಡ್, ಅದೇ ಹೆಸರು ಈಗ ನನ್ನ ಫೋನಿನಲ್ಲಿ ದಪ್ಪಕ್ಷರದಲ್ಲಿದೆ. ಗಣಿತದ ಮೇಡಂ ಅಲ್ಲವೇ, ಎರಡು ಬಿಂದು ಸಿಕ್ಕ ಮೇಲೆ ಅವುಗಳ ನಡುವೆ ಸರಳರೇಖೆ ಎಳೆಯಲು ಎಷ್ಟು ಹೊತ್ತು ಬೇಕು? ಎಳೆದೆ. ರೇಖೆ ನೇರವಾಗಿ ನನ್ನ ಗಂಟಲಿಗೆ ಬಂದು ನಿಂತಿತು.

ಸಂಜೆ ನನ್ನವರಿಗೆ ರಿಪೋರ್ಟು ತೋರಿಸಿದೆ. ಅವರು ಕನ್ನಡಕವನ್ನು ಹಣೆಗೇರಿಸಿ, ಫೋನನ್ನು ಕೈಗೆಟುಕುವಷ್ಟು ದೂರ ಹಿಡಿದು, ಮೇಲಿಂದ ಕೆಳಗೆ ಓದಿದರು.

"ಎಲ್ಲಾ ಚೆನ್ನಾಗಿದೆಯಲ್ಲೇ," ಎಂದರು. "ಇದೊಂದು ಬಿಟ್ರೆ."

"ಇದೊಂದಕ್ಕೇ ಅಲ್ವೇನ್ರೀ ಟೆಸ್ಟ್ ಮಾಡ್ಸಿದ್ದು?"

"ಆ್ಯಂಟಿಬಾಡಿ ಜಾಸ್ತಿ ಇದ್ರೆ ಒಳ್ಳೇದು ಕಣೇ. ಕೊರೋನಾ ಟೈಮಲ್ಲಿ ಆ್ಯಂಟಿಬಾಡಿ ಬರ್ಲಿ ಅಂತ ತಾನೆ ಜನ ಕ್ಯೂ ನಿಂತು ಸೂಜಿ ಚುಚ್ಚಿಸ್ಕೊಂಡಿದ್ದು? ನಿಂಗೆ ಫ್ರೀಯಾಗಿ ಬಂದಿದೆ. ಟೆನ್ಷನ್ ಮಾಡ್ಕೋಬೇಡ."

ಮದುವೆಯಾದಾಗಿನಿಂದ ನೋಡುತ್ತಿದ್ದೇನೆ, ಇವರ ಸಮಾಧಾನ ಯಾವಾಗಲೂ ಹೀಗೆಯೇ. ಕೇಳುವಾಗ ಹಿತವಾಗಿರುತ್ತದೆ, ಹೊರಳಿ ಯೋಚಿಸಿದರೆ ಕೈಗೆ ಏನೂ ಸಿಗುವುದಿಲ್ಲ. ಆದರೆ ಅವರ ಮಾತಿನಲ್ಲಿ ಒಂದು ನ್ಯಾಯವಾದ ಪ್ರಶ್ನೆಯಿತ್ತು. ಆ್ಯಂಟಿಬಾಡಿ ಒಳ್ಳೆಯದಾದರೆ ಅದು ಕೆಟ್ಟದ್ದಾದದ್ದು ಹೇಗೆ? ಪಠ್ಯಪುಸ್ತಕದ ಕನ್ನಡದಲ್ಲಿ ಅದಕ್ಕೆ ಪ್ರತಿಕಾಯ ಎನ್ನುತ್ತಾರೆ. ಎಷ್ಟು ಗಂಭೀರವಾದ ಪದ! ಕಾಯ ಎಂದ ಕೂಡಲೇ ನಮಗೆ ಕೈ ಮುಗಿಯಬೇಕೆನ್ನಿಸುತ್ತದೆ. ಕಾಯಕ, ಕಾಯಸಿದ್ಧಿ ಎಂದೆಲ್ಲ ನಮ್ಮ ಹಿರಿಯರು ಆ ಪದವನ್ನು ಎಷ್ಟು ಎತ್ತರದಲ್ಲಿ ಇರಿಸಿದ್ದಾರೆ. ಅದಕ್ಕೊಂದು 'ಪ್ರತಿ' ಹಚ್ಚಿದರೆ ದೇಹದ ಎದುರು ಇನ್ನೊಂದು ದೇಹ ತೊಡೆ ತಟ್ಟಿ ನಿಂತ ಹಾಗೆ ಕಾಣುತ್ತದೆ. ನನ್ನೊಳಗೆ ಇಂಥ ಮುನ್ನೂರ ಹದಿನೆಂಟು ಪೈಲ್ವಾನರು ತಿರುಗಾಡುತ್ತಿದ್ದಾರೆ ಎಂದು ಊಹಿಸಿಕೊಂಡು ಊಟ ಸೇರದೆ ಎದ್ದೆ.

ಮರುದಿನ ಜೀವಶಾಸ್ತ್ರದ ಗಿರಿಜಾ ಮೇಡಂ ಹತ್ತಿರ ಬಾಯಿಬಿಟ್ಟೆ. ಗಿರಿಜಾ ಹುಬ್ಬಳ್ಳಿಯ ಕಡೆಯವಳು, ಬೆಂಗಳೂರಿಗೆ ಬಂದು ಹೆಚ್ಚು ವರ್ಷವಾಗಿಲ್ಲ. ಧೈರ್ಯಸ್ಥೆ, ಯಾವುದನ್ನೂ ಮುಚ್ಚಿ ಮಾತಾಡುವವಳಲ್ಲ.

"ಏನಾತ್ರೀ ಮೇಡಂ, ಮಾರಿ ಯಾಕ ಹಿಂಗ ಸಣ್ಣ ಮಾಡ್ಕೊಂಡು ಕುಂತೀರಿ?" ಎಂದು ಕೇಳಿದವಳು, ರಿಪೋರ್ಟು ನೋಡಿ ಹುಬ್ಬೇರಿಸಿದಳು. "ಇದು ಆಟೋ ಇಮ್ಯೂನ್ ಐತ್ರಿ. ನಮ್ಮ ಮಂದೀನ ನಮ್ಮ ಮ್ಯಾಲೆ ತಿರುಗಿ ಬೀಳೂದು. ಥೈರಾಯ್ಡ್ ಗ್ರಂಥೀನ ಪರಕೀಯ ಅಂತ ತಿಳ್ಕೊಂಡು ಬಡೀತಾವ ನೋಡ್ರಿ."

ಇದು ನನಗೆ ತಟ್ಟನೆ ಅರ್ಥವಾಯಿತು. ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್ ಇದ್ದಾನೆ. ಕೈಯಲ್ಲಿ ಪೆಟ್ಟಿಗೆ ಹಿಡಿದು ಬರುವ ಯಾರನ್ನಾದರೂ ಸಲಾಮು ಹೊಡೆದು ಒಳಗೆ ಬಿಡುತ್ತಾನೆ. ನಾನು ತರಕಾರಿ ಚೀಲ ಹಿಡಿದು ಬಂದರೆ ಮಾತ್ರ "ಯಾವ ಫ್ಲಾಟು ಆಂಟಿ?" ಎಂದು ತಡೆಯುತ್ತಾನೆ. ನನ್ನ ರಕ್ತದಲ್ಲಿಯೂ ಅಂಥವರನ್ನೇ ಕೆಲಸಕ್ಕೆ ಇಟ್ಟಂತಿದೆ.

"ಇದಕ್ಕ ಏನ್ ಮಾಡ್ಬೇಕು?" ಎಂದೆ, ಗಾಬರಿಯಲ್ಲಿ ಅವಳ ಭಾಷೆಯೇ ನನ್ನ ಬಾಯಿಗೆ ಬಂದಿತ್ತು.

"ಮೊದಲ ಕೋಸು ಬಿಡ್ರಿ. ಹೂಕೋಸು, ಎಲಿಕೋಸು, ಮೂಲಂಗಿ, ಎಲ್ಲಾ ಬಂದ್ ಮಾಡ್ರಿ."

ಅಂದಿನಿಂದ ನಮ್ಮ ಮನೆಯಲ್ಲಿ ಎಲೆಕೋಸು ನಿಷಿದ್ಧವಾಯಿತು. ಫ್ರಿಜ್ಜಿನಲ್ಲಿ ಕೂತಿದ್ದ ಒಂದು ದುಂಡನೆಯ ಕೋಸು ಎದುರು ಮನೆಯವರ ಪಾಲಾಯಿತು. ಬೆಳಗಿನ ವಾಕಿಂಗಿನ ಗುಂಪಿನಲ್ಲಿ ಧನಿಯಾ ನೆನೆಸಿದ ನೀರು ಕುಡಿದರೆ ಥೈರಾಯ್ಡ್ ಓಡಿಹೋಗುತ್ತದೆ ಎಂದು ಯಾರೋ ಹೇಳಿದರು. ಅದನ್ನೂ ಶುರುಮಾಡಿದೆ. ಫೋನಿನಲ್ಲಿ ಹುಡುಕಿದೆ. ಹುಡುಕಬಾರದಿತ್ತು. ಸುಸ್ತು, ಮರೆವು, ಕೋಪ, ಒಣ ಚರ್ಮ, ಚಳಿ, ಮಲಬದ್ಧತೆ, ಬೇಸರ ಎಂದು ಲಕ್ಷಣಗಳ ಸಾಲು ಮುಗಿಯಲೇ ಇಲ್ಲ. ಇವುಗಳಲ್ಲಿ ಒಂದೂ ಇಲ್ಲದ ಹೈಸ್ಕೂಲು ಮೇಡಂ ಈ ನಾಡಿನಲ್ಲಿ ಎಲ್ಲಿದ್ದಾಳೆ? ಆದರೆ ಆ ಸಾಲಿನ ಕೊನೆಯಲ್ಲಿ 'ಧ್ವನಿ ಗೊಗ್ಗರಾಗುವುದು' ಎಂದೂ ಇತ್ತು. ಅಲ್ಲಿಂದ ಮುಂದಕ್ಕೆ ನನಗೆ ಓದಲಾಗಲಿಲ್ಲ.

ಆಮೇಲಿನ ದಿನಗಳಲ್ಲಿ ನನಗೊಂದು ಚಟ ಅಂಟಿತು. ಕನ್ನಡಿಯ ಮುಂದೆ ನಿಂತು, ತಲೆ ಹಿಂದಕ್ಕೆ ವಾಲಿಸಿ, ಒಂದು ಗುಟುಕು ನೀರು ನುಂಗಿ, ಕತ್ತಿನಲ್ಲಿ ಏನಾದರೂ ಮೇಲೆ ಕೆಳಗೆ ಹೋಗುತ್ತದೆಯೋ ಎಂದು ನೋಡುವುದು. ಹೋಗುತ್ತಿತ್ತು. ಎಲ್ಲರ ಕತ್ತಿನಲ್ಲಿಯೂ ಹೋಗುತ್ತದೆ ಎಂಬ ಜ್ಞಾನ ನನಗಿರಲಿಲ್ಲ. ನನ್ನವರನ್ನು ಕರೆದು ನೀರು ಕುಡಿಸಿ ನೋಡಿದೆ. ಅವರ ಕತ್ತಿನಲ್ಲಿ ಇನ್ನೂ ಜೋರಾಗಿ ಹೋಯಿತು. ಅವರಿಗಾಗಿಯೂ ಸ್ವಲ್ಪ ಹೊತ್ತು ಹೆದರಿದೆ.

ಇನ್ನೊಂದು ಚಟ ಹೇಳಲು ನಾಚಿಕೆಯಾಗುತ್ತದೆ. ಬೆಳಿಗ್ಗೆ ಎದ್ದ ತಕ್ಷಣ ಬಾಲ್ಕನಿಯ ತುಳಸಿ ಕುಂಡದ ಪಕ್ಕ ನಿಂತು ಹತ್ತೊಂಬತ್ತರ ಮಗ್ಗಿಯನ್ನು ಫೋನಿನಲ್ಲಿ ರೆಕಾರ್ಡ್ ಮಾಡುವುದು. ನಿನ್ನೆಯ ಮಗ್ಗಿಗೂ ಇಂದಿನ ಮಗ್ಗಿಗೂ ಧ್ವನಿಯಲ್ಲಿ ವ್ಯತ್ಯಾಸ ಬಂದಿದೆಯೇ ಎಂದು ಕಿವಿಗೆ ಒತ್ತಿಕೊಂಡು ಕೇಳುವುದು. ಒಂದು ದಿನ ಹತ್ತೊಂಬತ್ತು ಏಳಲ ನೂರ ಮೂವತ್ತಮೂರು ಎನ್ನುವಾಗ ಗಂಟಲು ಕಟ್ಟಿದಂತಾಯಿತು. ಕಣ್ಣು ತುಂಬಿಕೊಂಡಿತು. ಒಳಗಿನಿಂದ ನನ್ನವರು, "ಏನೇ, ಮಗ್ಗಿ ಮರ್ತೋಯ್ತಾ?" ಎಂದು ಕೂಗಿದರು. ಹೌದು ಎಂದುಬಿಟ್ಟೆ. ಗಣಿತದ ಮೇಡಂ ಮಗ್ಗಿ ಮರೆತಳು ಎಂದು ಅವರು ಗಾಬರಿಯಾದರು. ಮರೆವೂ ಆ ಲಕ್ಷಣಗಳ ಸಾಲಿನಲ್ಲಿ ಇತ್ತಲ್ಲ.

ಇಷ್ಟಾದ ಮೇಲೆ ನನಗೆ ಹೊಳೆದದ್ದೇ ಮರುಮೌಲ್ಯಮಾಪನ. ಲ್ಯಾಬಿನವರೂ ಮನುಷ್ಯರೇ. ನಮ್ಮ ಕ್ಯಾಂಪಿನಲ್ಲಿ ಹಸಿವಾದಾಗ ತಿದ್ದಿದ ಪತ್ರಿಕೆಗೂ ಊಟವಾದ ಮೇಲೆ ತಿದ್ದಿದ ಪತ್ರಿಕೆಗೂ ಎಷ್ಟು ವ್ಯತ್ಯಾಸ ಬರುತ್ತದೆ ಎಂಬುದನ್ನು ನಾನು ಬಲ್ಲೆ. ಒಬ್ಬರು ಲೆಕ್ಕದ ಮೆಟ್ಟಿಲು ಮೆಟ್ಟಿಲಿಗೂ ಅಂಕ ಕೊಟ್ಟುಕೊಂಡು ಹೋಗುತ್ತಾರೆ, ಇನ್ನೊಬ್ಬರು ಕೊನೆಯ ಉತ್ತರ ತಪ್ಪಿದರೆ ಸೊನ್ನೆ ಸುತ್ತುತ್ತಾರೆ. ಆದ್ದರಿಂದ ಒಂದು ಶನಿವಾರ ಯಾರಿಗೂ ಹೇಳದೆ ಬಸ್ಸು ಹತ್ತಿ ಸುಂಕದಕಟ್ಟೆಗೆ ಹೋದೆ. ಮಾಗಡಿ ರಸ್ತೆಯಲ್ಲಿ ಅಷ್ಟು ದೂರ ಹೋದರೆ ನನ್ನ ಹಳೆಯ ವಿದ್ಯಾರ್ಥಿಗಳು ಸಿಗುವುದಿಲ್ಲ ಎಂಬ ಲೆಕ್ಕಾಚಾರ. ಹಣ್ಣಿನಂಗಡಿಯ ಮಗ್ಗುಲಲ್ಲಿದ್ದ ಲ್ಯಾಬೊಂದರಲ್ಲಿ ಕೈ ನೀಡಿದೆ. ಸೂಜಿ ಚುಚ್ಚುವ ಹುಡುಗಿ, "ಎಲ್ಲಾ ಸರಿಹೋಗುತ್ತೆ ಬಿಡಿ ಆಂಟಿ," ಎಂದಳು. ನನ್ನ ಮುಖ ಹಾಗಿತ್ತೆಂದು ಕಾಣುತ್ತದೆ.

ಸೋಮವಾರ ಫಲಿತಾಂಶ ಬಂತು. 61!

ಮುನ್ನೂರ ಹದಿನೆಂಟು ಎಲ್ಲಿ, ಅರವತ್ತೊಂದು ಎಲ್ಲಿ! ನನ್ನ ಸಂತೋಷವನ್ನು ಹೇಗೆ ಹೇಳಲಿ? ಮರುದಿನ ಬೆಳಿಗ್ಗೆ ಮನೆಯಲ್ಲಿ ಕೇಸರಿಬಾತ್ ಮಾಡಿ ದೊಡ್ಡ ಡಬ್ಬಿಯಲ್ಲಿ ಸ್ಟಾಫ್ ರೂಮಿಗೆ ಒಯ್ದೆ. ಕೋಸು ಬಿಟ್ಟದ್ದರಿಂದಲೂ ಧನಿಯಾ ನೀರಿನಿಂದಲೂ ಆದ ಪವಾಡವನ್ನು ಸಿಕ್ಕಸಿಕ್ಕವರಿಗೆ ಬಣ್ಣಿಸಿದೆ. ಡ್ರಾಯಿಂಗ್ ಮೇಷ್ಟ್ರು ಅಂದೇ ಮೂಲಂಗಿ ಬಿಡುವುದಾಗಿ ಪ್ರತಿಜ್ಞೆ ಮಾಡಿದರು. ಗಿರಿಜಾ, "ನಾ ಹೇಳ್ಲಿಲ್ಲೇನ್ರಿ?" ಎಂದು ಬೀಗಿದಳು. ಅಂದು ಮಧ್ಯಾಹ್ನ ನಾನು ತರಗತಿಯಲ್ಲಿ ಎಷ್ಟು ಜೋರಾಗಿ ಪಾಠ ಮಾಡಿದೆನೆಂದರೆ ಮುಂದಿನ ಬೆಂಚಿನವರು ಹಿಂದಕ್ಕೆ ವಾಲಿ ಕೂತರು.

ಆ ದಿನದ ಪಾಠ ಏನಿತ್ತು ಗೊತ್ತೇ? ಎಂಟನೇ ತರಗತಿಗೆ ಭಿನ್ನರಾಶಿಗಳ ಹೋಲಿಕೆ. 'ಛೇದ ನೋಡದೆ ಅಂಶ ಹೋಲಿಸಬಾರದು' ಎಂದು ಬೋರ್ಡಿನ ಮೇಲೆ ಬರೆದು ಕೆಳಗೆ ಗೆರೆ ಎಳೆದೆ. ಎಳೆದ ಕೈ ಅಲ್ಲೇ ನಿಂತಿತು. ಸುಂಕದಕಟ್ಟೆಯ ರಿಪೋರ್ಟಿನಲ್ಲಿ ಇರಬೇಕಾದದ್ದು ಎಷ್ಟು ಎಂದು ನಾನು ನೋಡಿಯೇ ಇರಲಿಲ್ಲ.

ಬೆಲ್ಲು ಹೊಡೆದ ಕೂಡಲೇ ಫೋನು ತೆರೆದೆ. ಅಲ್ಲಿ 34 ಇರಲಿಲ್ಲ. 5.6ರ ಒಳಗಿರಬೇಕು ಎಂದಿತ್ತು. ಚೀಟಿಯ ಮೇಲೆ ಭಾಗಾಕಾರ ಮಾಡಿದೆ. ಮೊದಲನೆಯದು ಮಿತಿಯ ಒಂಬತ್ತು ಪಟ್ಟು ಚಿಲ್ಲರೆ. ಎರಡನೆಯದು ಸುಮಾರು ಹನ್ನೊಂದು ಪಟ್ಟು. ಕೋಸು ತ್ಯಾಗ ಮಾಡಿ, ಧನಿಯಾ ನೀರು ಕುಡಿದು ನಾನು ಇನ್ನೂ ಕೆಳಗೆ ಜಾರಿದ್ದೆ! ಖಾಲಿಯಾದ ಕೇಸರಿಬಾತಿನ ಡಬ್ಬಿ ನನ್ನನ್ನೇ ನೋಡುತ್ತಿತ್ತು. ಡ್ರಾಯಿಂಗ್ ಮೇಷ್ಟ್ರಿಗೆ ಮೂಲಂಗಿ ತಿನ್ನಬಹುದು ಎಂದು ಹೇಳುವ ಧೈರ್ಯವೂ ಆಗಲಿಲ್ಲ.

ಬಸವೇಶ್ವರನಗರದ ಸ್ಪೆಷಲಿಸ್ಟ್ ನನ್ನ ಹಳೆಯ ವಿದ್ಯಾರ್ಥಿನಿಯರ ವಯಸ್ಸಿನ ಡಾಕ್ಟರಮ್ಮ. ಕೊನೆಗೂ ಆ ದಿನ ಬಂದಾಗ ನಾನು ಎರಡೂ ರಿಪೋರ್ಟುಗಳನ್ನು, ಭಾಗಾಕಾರದ ಚೀಟಿಯ ಸಮೇತ, ಅವರ ಮುಂದಿಟ್ಟೆ. ಅವರು ಹಿಂದೆ ಬಂದು ನಿಂತು ನನ್ನ ಕತ್ತನ್ನು ಎರಡು ಕೈಯಲ್ಲೂ ಮುಟ್ಟಿ, ಉಗುಳು ನುಂಗಲು ಹೇಳಿ, ಕೂತರು. ಚೀಟಿ ನೋಡಿ ನಕ್ಕರು.

"ಮೇಡಂ, ಒಂದೊಂದು ಲ್ಯಾಬಲ್ಲಿ ಒಂದೊಂದು ಮೆಷಿನ್ ಇರುತ್ತೆ, ಅಳೆಯೋ ರೀತೀನೇ ಬೇರೆ. ಆ ನಂಬರ್ ತಂದು ಈ ನಂಬರ್ ಜೊತೆ ಹೋಲಿಸೋಕಾಗಲ್ಲ."

"ಅದಕ್ಕೇ ನಾನು ಪಟ್ಟು ತೆಗೆದೆ," ಎಂದೆ.

"ಪಟ್ಟು ತೆಗೆದರೂ ಆಗಲ್ಲ. ಇದು ಎಷ್ಟಿದೆ ಅನ್ನೋ ಪ್ರಶ್ನೇನೇ ಅಲ್ಲ. ಇದೆಯೋ ಇಲ್ವೋ ಅನ್ನೋ ಪ್ರಶ್ನೆ. ಎರಡು ಕಡೇನೂ ಇದೆ ಅಂತ ಬಂದಿದೆ. ಮುಗೀತು."

ಸರಿ ಅಥವಾ ತಪ್ಪು ಗುರುತಿಸಿ, ಒಂದು ಅಂಕ. ಅದಕ್ಕೆ ನಾನು ಪುಟಗಟ್ಟಲೆ ಲೆಕ್ಕ ಬಿಡಿಸಿದ್ದೆ.

"ಹಾಗಾದ್ರೆ ಇದನ್ನ ಕಡಿಮೆ ಮಾಡೋದು ಹೇಗೆ?"

"ಕಡಿಮೆ ಮಾಡ್ಬೇಕಾಗಿಲ್ಲ. ಈ ಟೆಸ್ಟನ್ನ ಮತ್ತೆ ಮತ್ತೆ ಮಾಡಿಸೋದೂ ಬೇಡ. ಆ್ಯಂಟಿಬಾಡಿ ಇದೆ ಅಂದ್ರೆ ಮುಂದೆ ಯಾವತ್ತಾದ್ರೂ ಗ್ರಂಥಿ ಕೆಲಸ ಕಮ್ಮಿ ಮಾಡೋ ಸಾಧ್ಯತೆ ಜಾಸ್ತಿ ಅಂತ ಅರ್ಥ. ಮಾಡೇ ಮಾಡುತ್ತೆ ಅಂತ ಅಲ್ಲ. ಟಿಎಸ್‌ಎಚ್ ನೋಡ್ಕೋತಾ ಇರೋಣ, ಕೆಲವು ತಿಂಗಳು ಬಿಟ್ಟು ಬನ್ನಿ. ಜಾಸ್ತಿಯಾದ್ರೆ ಬೆಳಿಗ್ಗೆ ಖಾಲಿ ಹೊಟ್ಟೇಲಿ ಒಂದು ಮಾತ್ರೆ. ಅಷ್ಟೇ."

"ಕೋಸು?"

"ಬೇಯ್ಸಿ ತಿನ್ನಿ."

"ಧನಿಯಾ ನೀರು?"

"ರುಚಿ ಹಿಡಿಸಿದ್ರೆ ಕುಡೀರಿ."

ಏಳುವ ಹೊತ್ತಿಗೆ ನನ್ನ ಬಾಯಿಂದ ನಿಜವಾದ ಪ್ರಶ್ನೆ ಹೊರಬಿತ್ತು. ಅಮ್ಮನ ಗಡ್ಡೆ, ಆಪರೇಷನ್, ದನಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಡಾಕ್ಟರಮ್ಮ ಈ ಸಲ ನಗಲಿಲ್ಲ. "ಧ್ವನಿಯ ನರ ಆ ಗ್ರಂಥಿಯ ಹಿಂದೇನೇ ಹೋಗುತ್ತೆ. ಆಪರೇಷನ್ ಮಾಡುವಾಗ ಕೆಲವು ಸಲ ಅದಕ್ಕೆ ಪೆಟ್ಟಾಗುತ್ತೆ. ನಿಮ್ಮ ತಾಯಿಗೆ ಹಾಗಾಗಿರ್ಬಹುದು. ನಿಮಗೆ ಗಡ್ಡೆ ಕೈಗೆ ಸಿಗ್ತಿಲ್ಲ. ಈಗಂತೂ ಆಪರೇಷನ್ನಿನ ಮಾತೇ ಇಲ್ಲ," ಎಂದರು.

ಬೇರೆ ಯಾರಾದರೂ ಆಗಿದ್ದರೆ ಈ ಮಾತಿಗೆ ಹೊರಗೆ ಬಂದು ಜೋಡಿ ಮಸಾಲೆ ದೋಸೆ ತಿನ್ನುತ್ತಿದ್ದರು. ನಾನು 'ಈಗಂತೂ' ಎಂಬ ಒಂದೇ ಪದವನ್ನು ಎತ್ತಿಕೊಂಡು ಹೊರಬಂದೆ. ಈಗಂತೂ ಇಲ್ಲ ಎಂದರೆ ಆಮೇಲೆ? ಓದಿಕೊಳ್ಳಿ, ಕಷ್ಟಪಡಿ, ಮುಂದಿನ ಸಲ ಚೆನ್ನಾಗಿ ಮಾಡಿ ಎಂದು ಹೇಳುವುದು ನನ್ನ ವೃತ್ತಿ. ಏನೂ ಮಾಡಬೇಡಿ, ಕಾಯಿರಿ, ಆಗಲೂಬಹುದು ಆಗದಿರಲೂಬಹುದು ಎಂದು ನನಗೆ ಯಾರೂ ಪಾಠ ಹೇಳಿಕೊಟ್ಟಿರಲಿಲ್ಲ. ಎರಡು ವಾರ ಹೊತ್ತು ತಿರುಗಿದ ಭಯದ ತೂಕ ಇಳಿದಿತ್ತು ನಿಜ. ಆದರೆ ಅದು ಹೋಗಿರಲಿಲ್ಲ.

ಆ ಭಾನುವಾರ ವಿಜಯನಗರದಲ್ಲಿ ಮೆಟ್ರೊ ಹತ್ತಿ ಕೆಂಗೇರಿಗೆ ಹೋದೆ. ಅಮ್ಮ ಅಲ್ಲಿ ಉಪನಗರದಲ್ಲಿ ನನ್ನ ತಮ್ಮನ ಮನೆಯಲ್ಲಿದ್ದಾಳೆ. ಅವಳಿಗೆ ಫೋನೆಂದರೆ ಆಗದು, ಪಿಸುಮಾತು ಅದರೊಳಗೆ ಹೋಗುವುದಿಲ್ಲ. ಆದ್ದರಿಂದ ಅವಳ ಜೊತೆ ಮಾತಾಡಬೇಕೆಂದರೆ ಹೋಗಿ ಪಕ್ಕದಲ್ಲಿ ಕೂರಲೇಬೇಕು. ನನ್ನ ರಿಪೋರ್ಟಿನ ಸುದ್ದಿ ಅವಳಿಗೆ ಗೊತ್ತಾಗಬಾರದೆಂದು ನಿರ್ಧರಿಸಿಯೇ ಹೋಗಿದ್ದೆ. ತಮ್ಮ, ಅವನ ಹೆಂಡತಿ ಯಾವುದೋ ಗೃಹಪ್ರವೇಶಕ್ಕೆ ಹೋಗಿದ್ದರು. ಬೆಲ್ಲು ಒತ್ತಿದಾಗ ಅಡುಗೆಮನೆಯಿಂದ ಎರಡು ಚಪ್ಪಾಳೆ ಕೇಳಿತು. ಬಂದೆ, ಇರು, ಎಂದು ಅದರ ಅರ್ಥ.

ಅಮ್ಮ ಎಲೆಕೋಸಿನ ಪಲ್ಯ ಮಾಡಿದ್ದಳು. ತಟ್ಟೆಗೆ ಬಡಿಸಿದಳು. ನಾನು ಬೇಡವೆನ್ನದೆ ತಿಂದೆ. ತಿನ್ನುವಾಗ ಎಡಗೈ ತಾನಾಗಿಯೇ ಕತ್ತಿಗೆ ಹೋಗುತ್ತಿತ್ತೆಂದು ಕಾಣುತ್ತದೆ. ಅವಳು ಪಕ್ಕದ ಕುರ್ಚಿಯಲ್ಲಿ ಕೂತು ಸ್ವಲ್ಪ ಹೊತ್ತು ನೋಡಿದಳು.

"ಯಾಕೇ ವಸಂತಾ, ಆಗ್ಲಿಂದ ಕತ್ತು ಮುಟ್ಕೋತಾನೇ ಇದೀಯಾ?" ಎಂದಳು. ನಾನು ಉತ್ತರ ಹುಡುಕುವಷ್ಟರಲ್ಲಿ ಎದ್ದು ಬಂದು ತನ್ನ ಒದ್ದೆ ಕೈಯಿಂದ ನನ್ನ ಕತ್ತನ್ನು ಸವರಿದಳು. ಡಾಕ್ಟರಮ್ಮ ಮುಟ್ಟಿದ ಜಾಗದಲ್ಲೇ ಮುಟ್ಟಿದಳು. "ಏನೂ ಇಲ್ಲ," ಎಂದಳು. "ನಂಗೆ ನಿಂಬೆಹಣ್ಣಿನಷ್ಟಿತ್ತು."

ಎಲ್ಲವನ್ನೂ ಹೇಳಿಬಿಟ್ಟೆ. ಹೇಳುತ್ತ ಹೇಳುತ್ತ ಅಳು ಬಂತು. ಮೊಮ್ಮಕ್ಕಳನ್ನು ಕಾಣುವ ವಯಸ್ಸು ಹತ್ತಿರವಾದ ಹೆಂಗಸು ಕೋಸಿನ ಪಲ್ಯದ ತಟ್ಟೆ ಮುಂದಿಟ್ಟುಕೊಂಡು ಅಳುವುದು ಚೆಂದವಲ್ಲ. ಆದರೆ ಅಮ್ಮನ ಮುಂದೆ ಚೆಂದದ ಪ್ರಶ್ನೆ ಬರುವುದಿಲ್ಲ.

"ಅಮ್ಮಾ, ನಿಂಗೆ ದನಿ ಹೋದಾಗ ಹೆದ್ರಿಕೆ ಆಗ್ಲಿಲ್ವಾ?" ಎಂದು ಕೇಳಿದೆ. ಇಷ್ಟು ವರ್ಷ ಅವಳ ಮಗಳಾಗಿದ್ದು ನಾನು ಈ ಪ್ರಶ್ನೆ ಕೇಳಿಯೇ ಇರಲಿಲ್ಲ.

"ಆಗ್ದೆ ಇರುತ್ತಾ?" ಎಂದಳು. "ಆಸ್ಪತ್ರೆಯಿಂದ ರಾಜಾಜಿನಗರದ ವಠಾರಕ್ಕೆ ಬಂದೆ ನೋಡು, ನೀನು ಅಲ್ಲಿ ನಲ್ಲಿ ಹತ್ರ ಆಡ್ತಾ ಇದ್ದೆ. ವಸಂತಾ ಅಂತ ಕೂಗ್ದೆ. ಬಾಯಿ ಆಡ್ತು, ದನಿ ಬರ್ಲಿಲ್ಲ. ಮತ್ತೆ ಕೂಗ್ದೆ. ನೀನು ತಿರುಗ್ಲೇ ಇಲ್ಲ. ಇನ್ನು ನನ್ನ ಮಗೂನ ನಾನು ಕರೆಯೋದು ಹೆಂಗೆ ಅಂತ ಹೊಸ್ಲ ಮೇಲೆ ಕೂತು ಅತ್ತೆ."

"ಆಮೇಲೆ?"

"ಆಮೇಲೇನು? ಅಳೋದು ಮುಗೀತು. ಚಪ್ಪಾಳೆ ತಟ್ಟಿದೆ. ವಠಾರದ ಮಕ್ಕಳೆಲ್ಲ ತಿರುಗಿ ನೋಡಿದ್ವು. ನೀನೂ ನೋಡ್ದೆ. ಇನ್ನೊಂದು ಸಲ ತಟ್ಟಿದೆ. ಓಡಿ ಬಂದೆ. ಅವತ್ತಿಂದ ನಿಂಗೆ ಎರಡು ಚಪ್ಪಾಳೆ. ನಿನ್ನ ತಮ್ಮ ಹುಟ್ಟಿದ ಮೇಲೆ ಅವ್ನಿಗೆ ಮೂರು." ಇಷ್ಟು ಹೇಳಿ, ಇದರಲ್ಲೇನು ದೊಡ್ಡ ವಿಷಯ ಎಂಬಂತೆ ನನ್ನ ತಟ್ಟೆಗೆ ಇನ್ನಷ್ಟು ಪಲ್ಯ ಹಾಕಿದಳು.

ನಮ್ಮ ಮನೆಯಲ್ಲಿ ಚಪ್ಪಾಳೆ ತಟ್ಟಿ ಕರೆಯುತ್ತಾರೆ ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಬೇರೆಯವರ ಮನೆಯಲ್ಲಿ ದೇವರ ದೀಪ ಇಂಥ ದಿಕ್ಕಿಗೇ ಇರಬೇಕು ಎಂದಿರುವ ಹಾಗೆ ನಮ್ಮ ಮನೆಗೆ ಅದೊಂದು ರೂಢಿ ಎಂದುಕೊಂಡಿದ್ದೆ. ಅದು ಶುರುವಾದದ್ದು ಹೊಸ್ತಿಲ ಮೇಲೆ, ಅಳು ಮುಗಿದ ಮೇಲೆ, ನನ್ನನ್ನು ಕರೆಯುವುದಕ್ಕಾಗಿ ಎಂದು ತಿಳಿದಿರಲಿಲ್ಲ. ವಾಪಸು ಬರುವಾಗ ಮೆಟ್ರೊ ಕಿಟಕಿಯ ಪಕ್ಕ ಕೂತು ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ನೋಡಿದೆ. ಕತ್ತು ಮುಟ್ಟಿಕೊಳ್ಳಬೇಕೆಂಬುದು ಮರೆತೇಹೋಗಿತ್ತು. ನಾಯಂಡಹಳ್ಳಿ ಬರುವಷ್ಟರಲ್ಲಿ ನೆನಪಾಗಿ ಮತ್ತೊಮ್ಮೆ ಮುಟ್ಟಿಕೊಂಡೆ, ಅದು ಬೇರೆ ಮಾತು.

ಸೋಮವಾರ ಎಂಟನೇ ತರಗತಿಗೆ ಹೋದಾಗ ಒಳಗೆ ಸಂತೆ ನೆರೆದಿತ್ತು. ಬಾಗಿಲಲ್ಲಿ ನಿಂತು ಎರಡು ಚಪ್ಪಾಳೆ ತಟ್ಟಿದೆ. ಆಡುತ್ತಿದ್ದವರು, ಕಿತ್ತಾಡುತ್ತಿದ್ದವರು, ಬೆಂಚಿನ ಕೆಳಗೆ ಪೆನ್ಸಿಲು ಹುಡುಕುತ್ತಿದ್ದವರು, ಎಲ್ಲರೂ ತಿರುಗಿ ನನ್ನ ಕಡೆ ನೋಡಿದರು. ಎಂದಿನ ಹಾಗೆಯೇ ನೋಡಿದ್ದು. ನಾನು ಮಾತ್ರ ಅಂದು ಬಾಯಿ ತೆರೆಯದೆ ಅವರನ್ನೇ ನೋಡುತ್ತ ನಿಂತೆ. ನಾನು ಈ ಕೋಣೆಯಲ್ಲಿ ಇಷ್ಟು ವರ್ಷದಿಂದ ಅಮ್ಮನ ದನಿಯಲ್ಲೇ ಮಕ್ಕಳನ್ನು ಕರೆಯುತ್ತಿದ್ದೇನೆ, ನನ್ನ ದನಿ ಅದರ ಹಿಂದಿನಿಂದ ಬರುತ್ತದೆ ಅಷ್ಟೇ.

ಮುಂದಿನ ಬೆಂಚಿನ ಹುಡುಗಿಯೊಬ್ಬಳಿಗೆ ನನ್ನ ಮೌನ ಹೆದರಿಕೆ ಹುಟ್ಟಿಸಿತು. "ಮಿಸ್, ಗಂಟಲು ಸರಿ ಇಲ್ವಾ ಮಿಸ್?" ಎಂದು ಕೇಳಿದಳು.

"ಸರಿ ಇದೆ!" ಎಂದೆ. ಅದು ಎಷ್ಟು ಜೋರಾಗಿ ಬಂತೆಂದರೆ ಪಕ್ಕದ ಕೋಣೆಯಿಂದ ಗಿರಿಜಾ ಸೀಮೆಸುಣ್ಣ ಹಿಡಿದುಕೊಂಡೇ ಓಡಿ ಬಂದಳು. ಅವಳಿಗೆ ಏನೂ ಆಗಿಲ್ಲ ಎಂದು ಸನ್ನೆ ಮಾಡಿ, ಮಕ್ಕಳಿಗೆ ಪುಸ್ತಕ ತೆಗೆಯಲು ಹೇಳಿದೆ. ಈಗಂತೂ ಸರಿ ಇದೆ.